ಸಾರಿನ ಮುಚ್ಚಳ

"ಬುದ್ಧಿ, ಮನಸ್ಸಿಗೆ ಹಿಡಿದ ಅನುಮಾನವನ್ನು ಕೈಯಲ್ಲಿ ಹಿಡಿದ ಫೋನು ಬಿಡಿಸೀತೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಮಠದ ಅಡುಗೆಮನೆಯ ಗ್ಯಾಸ್ ಆರಿಸಿ ಬರುವುದು ಅವನ ಕೆಲಸ. ಆರಿಸಿ ಬಂದು ಪೂಜೆಗೆ ಕೂರುವಷ್ಟರಲ್ಲಿ ಆರೇಳು ಸಲ ಹಿಂದಕ್ಕೆ ಹೋಗಿ ನೋಡುತ್ತಿದ್ದ. ತನ್ನಿಂದ ಮಠವೇ ಸುಟ್ಟುಹೋದೀತೆಂಬ ಹೆದರಿಕೆ. ಆಸ್ಪತ್ರೆಯಲ್ಲಿ ಅವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಅದನ್ನು ಅವನು ಇನ್ನೂ ತೆರೆದಿರಲಿಲ್ಲ. ಗುರುಗಳು ಒಂದು ಕತೆ ಹೇಳಿದರು.

ಒಂದು ಶಾಲೆಯಲ್ಲಿ ಒಬ್ಬ ಅಡುಗೆಯವಳಿದ್ದಳು. ನೂರಿಪ್ಪತ್ತು ಮಕ್ಕಳಿಗೆ ಬಿಸಿಯೂಟ ಮಾಡುವವಳು. ಬೇರೆ ಯಾವುದೋ ಊರಲ್ಲಿ ಸಾರಿಗೆ ಹಲ್ಲಿ ಬಿದ್ದು ಮಕ್ಕಳು ಆಸ್ಪತ್ರೆ ಸೇರಿದರೆಂಬ ಸುದ್ದಿ ಕೇಳಿದ ದಿನದಿಂದ ಅವಳ ನೆಮ್ಮದಿ ಹೋಯಿತು. ಅವಳ ಅಡುಗೆಮನೆಯ ಸೂರಿನಲ್ಲೂ ಹಲ್ಲಿಗಳಿದ್ದವು. ಹಲ್ಲಿಯಿಲ್ಲದ ಸೂರು ಎಲ್ಲಿದೆ, ಹೇಳು?

ಅಲ್ಲಿನ ಕ್ರಮ ಹೀಗಿತ್ತು. ಮೊದಲು ಮೇಷ್ಟ್ರು ಬಂದು, ಸೌಟಿನಿಂದ ಸಾರನ್ನು ತಿರುವಿ ನೋಡಿ, ತಾವು ಉಂಡು, ಸರಿಯಿದೆ ಎನ್ನಬೇಕು. ಆಮೇಲೆ ಮುಚ್ಚಳ ಮುಚ್ಚಿ, ಅರ್ಧ ಗಂಟೆ ಕಾದು, ಮಕ್ಕಳಿಗೆ ಬಡಿಸಬೇಕು. ಆ ಅರ್ಧ ಗಂಟೆ ಅವಳಿಗೆ ಯಮಗಂಡ ಕಾಲವಾಯಿತು. ಮುಚ್ಚಳ ತೆಗೆದು ನೋಡುವಳು, ಮುಚ್ಚುವಳು. ಸರಿಯಾಗಿ ನೋಡಿದೆನೇ ಎಂದು ಮತ್ತೆ ತೆಗೆಯುವಳು. ಕರಿಬೇವಿನ ಕಡ್ಡಿ ಕೂಡ ಬಾಲದಂತೆ ಕಾಣುತ್ತಿತ್ತು. ಒಂದು ದಿನ ತಪ್ಪಲೆಯ ಸಾರನ್ನೆಲ್ಲ ಚರಂಡಿಗೆ ಸುರಿದಳು. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಮಕ್ಕಳು ಬರೀ ಅನ್ನ ಉಂಡರು. ಅವಳ ಮಗಳೂ ಆ ಪಂಕ್ತಿಯಲ್ಲಿದ್ದಳು.

ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೇಮಿಸಬೇಕಾಗುತ್ತದೆ ಎಂದು ಮೇಷ್ಟ್ರು ಹೇಳಿದರು. ಹೇಳಿ ಅವರಿಗೇ ಮರುಕ ಹುಟ್ಟಿತು. "ಹಲ್ಲಿಗೆ ಬಾಗಿಲು ತೆಗೀತಿರೋಳು ನೀನೇ ಕಣಮ್ಮ" ಎಂದರು.

ಅವಳು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಅದರಲ್ಲಿ ಒಂದೊಂದೇ ಮಾತು ಬರುತ್ತಿತ್ತು. 'ಪೂರ್ತಿ ಖಾತ್ರಿಯಾಗದೆ ಬಿಡಬಾರದು' ಎಂದು ಬಂದರೆ ಬೆರಳಿನಿಂದ ಆಚೆಗೆ ತಳ್ಳಬೇಕು. 'ಮನಸ್ಸಿಗೆ ಹೊಳೆದದ್ದೆಲ್ಲ ನಡೆಯುವುದಿಲ್ಲ' ಎಂದು ಬಂದರೆ ತನ್ನ ಕಡೆಗೆ ಎಳೆದುಕೊಳ್ಳಬೇಕು. ಮೊರದಲ್ಲಿ ಅಕ್ಕಿ ಕೇರಿದಂತೆ, ದಿನಕ್ಕೆ ಐದೇ ನಿಮಿಷ. ಆದರೆ ಅಂಟಿದ ಚಾಳಿ ಸುಮ್ಮನೆ ಬಿಟ್ಟೀತೇ? ಬೆರಳು ತಪ್ಪಿತೆಂದು ಅವಳು ಮೊದಲಿನಿಂದ ಶುರುಮಾಡಿದಳು. ಇನ್ನೂ ಸರಿಯಾಗಲಿಲ್ಲವೆಂದು ಮತ್ತೆ ಮಾಡಿದಳು. ಐದು ನಿಮಿಷ ಒಂದು ಗಂಟೆಯಾಯಿತು. ಡಾಕ್ಟರಮ್ಮ ನಕ್ಕು, ತಪ್ಪಿದ್ದನ್ನು ತಪ್ಪಿದಂತೆಯೇ ಬಿಟ್ಟು ಏಳುವುದೇ ನಿನ್ನ ಪಾಠ ಎಂದರು. ಅವಳು ಹಾಗೇ ಮಾಡಿದಳು. ಒಂದೆರಡು ತಿಂಗಳಲ್ಲಿ ಮುಚ್ಚಳ ತೆಗೆಯುವುದು ಇಪ್ಪತ್ತು ಸಲದಿಂದ ಹತ್ತಕ್ಕೆ, ಹತ್ತರಿಂದ ಒಂದಕ್ಕೆ ಇಳಿಯಿತು. ಆ ಒಂದು ಮಾತ್ರ ಬಿಡಲೊಲ್ಲದು.

ಅದನ್ನೂ ಬಿಡುವೆನೆಂದು ಒಂದು ದಿನ ನಿಶ್ಚಯಿಸಿ ತಪ್ಪಲೆಯ ಪಕ್ಕ ಕುಳಿತಳು. ಮೇಷ್ಟ್ರು ಉಂಡು ನೋಡಿ ಹೋಗಿದ್ದರು. ಈ ಮಕ್ಕಳು ಇವತ್ತು ಸಾಯುತ್ತವೆ ಎಂಬ ಮಾತು ಅವಳ ಮನಸ್ಸಿನಲ್ಲಿ ಹಾದುಹೋಯಿತು. ಸರಿಯಾಗಿ ಆ ಗಳಿಗೆಗೆ ಸೂರಿನಲ್ಲಿ ಹಲ್ಲಿ ಲೊಚಗುಟ್ಟಿತು.

ಹಲ್ಲಿ ನುಡಿದರೆ ಅಂದುಕೊಂಡದ್ದು ನಿಜವಾಗುತ್ತದೆಂದು ಅವಳ ಅಜ್ಜಿ ಹೇಳುತ್ತಿದ್ದಳು. ಅವಳ ಕೈ ತಾನಾಗಿಯೇ ಮುಚ್ಚಳದ ಮೇಲೆ ಹೋಯಿತು. ಅಷ್ಟರಲ್ಲಿ ಮೇಷ್ಟ್ರು ಬಾಗಿಲಿಗೆ ಬಂದರು.

"ಸಾರ್, ಒಂದೇ ಒಂದು ಸಲ ತೆಗೆದು ನೋಡ್ಲಾ?" ಎಂದಳು.

ಮೇಷ್ಟ್ರು ಬಾಗಿಲಿನಿಂದಲೇ ತಿರುಗಿದರು. ಹೋಗಿ ಊಟದ ಗಂಟೆ ಬಾರಿಸಿದರು.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಹೆದರಿಕೆ ಹೋಗಿರಲಿಲ್ಲ, ಹೆದರಿಕೊಂಡೇ ಎದ್ದಳು. ತಪ್ಪಲೆಯನ್ನು ಪಂಕ್ತಿಗೆ ಒಯ್ದು, ಅಲ್ಲಿ ಮುಚ್ಚಳ ಸರಿಸಿ, ಒಳಗೆ ಕೆದಕಿ ಹುಡುಕದೆ, ಸೌಟಿಗೆ ಬಂದದ್ದನ್ನು ಬಡಿಸುತ್ತ ಹೋದಳು. ಮೂರನೆಯ ತಟ್ಟೆ ಅವಳ ಮಗಳದು. ಅದಕ್ಕೂ ಬಡಿಸಿದಳು. ಮಗಳು ಕಲಸಿ ಮೊದಲ ತುತ್ತನ್ನು ಬಾಯಿಗಿಟ್ಟಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ ಕಣ್ಣು ಮುಚ್ಚಿದರು.

ಚನ್ನವೀರ ಕಾದ. ಕೊನೆಗೆ ತಡೆಯಲಾರದೆ, "ಬುದ್ಧಿ, ಆ ಮಕ್ಕಳಿಗೆ ಏನೂ ಆಗಲಿಲ್ಲ ತಾನೇ?" ಎಂದು ಕೇಳಿದ.

"ಈಗ ಮುಚ್ಚಳದ ಮೇಲಿರುವ ಕೈ ನಿನ್ನದು, ಚನ್ನವೀರ" ಎಂದರು ಗುರುಗಳು.