ನೂರ ಹದಿಮೂರು ತಂದ ಚಿಕ್ಕೀರ

ಕೇಳ್ರಪ್ಪ, ಹೆದ್ದಾರಿ ಪಕ್ಕದ ಊರಲ್ಲೊಬ್ಬ ಪೆದ್ದ, ಪೆದ್ದನಿಗೊಬ್ಬ ಅವ್ವ. ಪೆದ್ದನ ಹೆಸರು ಚಿಕ್ಕೀರ, ಅವ್ವ ಪುಟ್ಟನಂಜಮ್ಮ. ಅವಳ ವಾರಗಿತ್ತಿ ದೊಡ್ಡತಾಯಮ್ಮನ ಮಗ ಕೆಂಪರಾಜು ಪೊಲೀಸಾಗಿದ್ದ. ಅವನು ಖಾಕಿ ಹಾಕ್ಕೊಂಡು ಬೀದಿಗಿಳಿದರೆ ಪುಟ್ಟನಂಜಮ್ಮನಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂಗಾಗೋದು. ನಗಬೇಡಿ, ನಿಮಗೂ ವಾರಗಿತ್ತಿಯರಿದ್ದಾರೆ.

ಕಾಡಿ ಬೇಡಿ ಮಗನನ್ನ ಹೋಂಗಾರ್ಡ್ ಮಾಡಿಸಿದಳು. ಸ್ಟೇಷನ್ ಸಾಹೇಬರು ವೇಗ ಅಳೆಯೋ ಸ್ಪೀಡ್ ಗನ್ನು ಕೊಟ್ಟು, "ಗಾಡಿ ಕಡೆ ಹಿಡಿ, ಬಂದ ಅಂಕಿ ಬರ್ಕೊ" ಅಂದರು. ಚಿಕ್ಕೀರ ಎದುರಿಗೆ ನಿಂತಿದ್ದ ಸಾಹೇಬರ ಜೀಪಿಗೇ ಹಿಡಿದ. ಸೊನ್ನೆ. ಮತ್ತೆ ಹಿಡಿದ. ಸೊನ್ನೆ. ಸಂಜೆವರೆಗೂ ಸೊನ್ನೆ ಬರೆದ.

"ನಿಂತಿರೋದಕ್ಕಲ್ಲ ಕಣೋ, ಓಡೋದಕ್ಕೆ ಹಿಡಿಯೋ! ಎಂಬತ್ತು ದಾಟಿದ್ರೆ ತಪ್ಪು!" ಅಂತ ಸಾಹೇಬರು ಕೂಗಾಡಿದರು. ಚಿಕ್ಕೀರ ಮನೆಗೆ ಹೋಗಿ ಅವ್ವನಿಗೆ ಹೇಳಿದ.

"ಬಡ್ಡೆತ್ತದೆ! ಕೆಂಪರಾಜು ಹಿಂಗ್ ಮಾಡ್ತಾನಾ?" ಅಂದಳು ಅವ್ವ.

ಮಾರನೇ ದಿನ ಒಂದು ಎಮ್ಮೆ ಹಗ್ಗ ಕಿತ್ತುಕೊಂಡು ಓಡಿ ಬಂತು. ಹಿಂದೆ ಅದರ ಯಜಮಾನ, "ಹಿಡೀರಿ ಸ್ವಾಮಿ, ಹಿಡೀರಿ!" ಅಂತ ಕೂಗ್ತಾ ಬಂದ. ಚಿಕ್ಕೀರ ಗನ್ನು ಹಿಡಿದ. "ಬರೀ ಹದಿನೆಂಟು ಕಣಣ್ಣ! ಎಂಬತ್ತರ ಒಳಗೇ ಐತೆ, ತಪ್ಪಿಲ್ಲ. ಹೋಗ್ಲಿ ಬಿಡು!"

"ಎಮ್ಮೆಗಲ್ಲ ಕಣೋ! ಎಂಬತ್ತು ದಾಟಿದ ಗಾಡಿನ ಅಡ್ಡ ಹಾಕು. ಒಳಗೆ ಯಾರೇ ಇರ್ಲಿ, ಬಿಡಬೇಡ!" ಅಂದರು ಸಾಹೇಬರು.

"ಬಡ್ಡೆತ್ತದೆ! ಕೆಂಪರಾಜು ಹಿಂಗ್ ಮಾಡ್ತಾನಾ?" ಅಂದಳು ಅವ್ವ.

ಮೂರನೇ ದಿನ ಬಿಳೀ ಕಾರೊಂದು ರೊಯ್ ಅಂತ ಹೋಯಿತು. ಸಾಹೇಬರು ಜೀಪಲ್ಲಿ ಅದರ ಬೆನ್ನು ಹತ್ತಿದರು. ಚಿಕ್ಕೀರ ಜೀಪಿಗೇ ಅಡ್ಡ ನಿಂತ. "ತೊಂಬತ್ತಾರು ಸಾರ್! ಯಾರೇ ಇರ್ಲಿ ಅಂದಿದ್ರಿ!" ಕಾರು ಮಾಯ.

"ಇನ್ನೊಂದು ತಪ್ಪು ಮಾಡು, ಟೋಪಿ ಕಿತ್ಕೊಂಡು ಮನೆಗೆ ಕಳಿಸ್ತೀನಿ!" ಅಂದರು ಸಾಹೇಬರು.

ಆ ಕಾರನ್ನ ಮುಂದಿನ ಕ್ರಾಸಲ್ಲಿ ಹಿಡಿದೋನು ಯಾರು ಹೇಳಿ? ಕೆಂಪರಾಜು! ಪೇಪರಲ್ಲಿ ಫೋಟೋ ಬಂತು. ದೊಡ್ಡತಾಯಮ್ಮ ಅದನ್ನ ಹಿಡ್ಕೊಂಡು ಪುಟ್ಟನಂಜಮ್ಮನ ಜಗಲಿಗೇ ಬಂದಳು. "ನೂರ ಹನ್ನೆರಡರಲ್ಲಿತ್ತಂತೆ ಕಣೇ ನಂಜಿ, ನನ್ ಮಗ ಹಿಡಿದವ್ನೆ."

ಅವತ್ತು ಪುಟ್ಟನಂಜಮ್ಮ ಮುದ್ದೆ ತಟ್ಟೆನ ಪಕ್ಕಕ್ಕೆ ತಳ್ಳಿದಳು. "ಲೋ ಚಿಕ್ಕೀರ, ಅವನು ನೂರ ಹನ್ನೆರಡು ತಂದ. ನೀನು ನೂರ ಹದಿಮೂರು ತರದೆ ಮನೆಗೆ ಬರಬೇಡ!"

ಮಾರನೇ ದಿನ ಚಿಕ್ಕೀರ ರಸ್ತೆಯಲ್ಲೇ ನಿಂತ. ಖಾಕಿ ಕಂಡೋರೆಲ್ಲ ದೂರದಲ್ಲೇ ಬ್ರೇಕ್ ಒತ್ತಿದರು. ಎಪ್ಪತ್ತು. ಅರವತ್ತು. ಐವತ್ತು. ಸಂಜೆಗೆ ಅಳು ಬಂತು. ಆಗ ಸಾಹೇಬರು ಜಪ್ತಿ ಮಾಡಿದ್ದ ಬೈಕೊಂದರ ಕೀಲಿ ಕೊಟ್ಟು, "ಇದನ್ನ ಸ್ಟೇಷನ್ನಿಗೆ ಬಿಟ್ಟು ಬಾ" ಅಂದರು. ಚಿಕ್ಕೀರ ಹತ್ತಿದ. ಮುಳ್ಳು ನೂರಕ್ಕೆ ಬಂತು. ನೂರ ಹತ್ತಕ್ಕೆ ಬಂತು. ಅವ್ವನ ಮಾತು ನೆನೆಸ್ಕೊಂಡು ಇನ್ನೊಂದಿಷ್ಟು ತಿರುವಿದ.

ಮುಂದಿನ ಕ್ರಾಸಲ್ಲಿ ಗನ್ನು ಹಿಡಿದು ನಿಂತಿದ್ದ ಕೆಂಪರಾಜು ಕೈ ಅಡ್ಡ ಹಾಕಿದ.

"ಎಷ್ಟು ಬಂತು ಕೆಂಪಣ್ಣ?"

"ನೂರ ಹದಿಮೂರು ಕಣೋ, ಪಾಪಿ!"

"ಬರ್ಕೊಡು, ಬೇಗ ಬರ್ಕೊಡು!"

ದಂಡದ ಚೀಟಿ ಹಿಡ್ಕೊಂಡು ಮನೆಗೆ ಓಡಿದ. ಪುಟ್ಟನಂಜಮ್ಮನಿಗೆ ಅಕ್ಷರ ಬರಲ್ಲ, ಅಂಕಿ ಬರುತ್ತೆ. ನೂರ ಹದಿಮೂರು ನೋಡಿದ್ದೇ ಬೀದಿಗೆಲ್ಲ ಸಕ್ಕರೆ ಹಂಚಿ, ಕೊನೆಗೆ ವಾರಗಿತ್ತಿಯ ಮುಂದೆ ಚೀಟಿ ಹಿಡಿದಳು. "ಓದೇ ಅಕ್ಕ, ಜೋರಾಗಿ ಓದು! ಬೀದಿಗೆಲ್ಲ ಕೇಳ್ಲಿ!"

ದೊಡ್ಡತಾಯಮ್ಮ ಕನ್ನಡಕ ಹಾಕ್ಕೊಂಡು ಜೋರಾಗೇ ಓದಿದಳು. "ವೇಗ ನೂರ ಹದಿಮೂರು. ಓಡಿಸಿದೋರು ಚಿಕ್ಕೀರ. ಹಿಡಿದೋರು ಕೆಂಪರಾಜು."

ಚಿಕ್ಕೀರನ ಟೋಪಿ ಅವತ್ತೇ ಹೋಯಿತು. ಮಾರನೇ ದಿನ ಪೇಪರಲ್ಲಿ ಮತ್ತೆ ಕೆಂಪರಾಜುವಿನ ಫೋಟೋ. ಪಕ್ಕದಲ್ಲಿ ಬೈಕ್ ಮೇಲೆ ಹಲ್ಲು ಕಿರಿಯುತ್ತಾ ಕೂತಿರೋನು ಚಿಕ್ಕೀರ.

"ನೋಡವ್ವ," ಅಂದ, "ಕೆಂಪಣ್ಣ ನಿಂತವ್ನೆ, ನಾನು ಕೂತಿವ್ನಿ!"