ಕಲ್ಲುಸಿಂಹದ ಕೊರಳಿನ ಹಗ್ಗ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಚಿತ್ರಾಂಬೆಯ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವನ ತಲೆ ಹೋಗುತ್ತದೆ!" ಎಂದು ಹೊನ್ನಗಿರಿಯಲ್ಲಿ ಡಂಗುರ ಸಾರಿದರು.

ಗಾರೆ ಕೆಲಸದ ಮಾಳ ಅರಮನೆಗೆ ಓಡಿದ. ರಾಜಕುಮಾರಿಯ ಆಸೆ ಅವನಿಗೆಲ್ಲಿಂದ ಬರಬೇಕು! ಅವನ ಅಣ್ಣ ಗುರುವ ಸುಣ್ಣ ಬಳಿಯಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬುರುಜಿನಿಂದ ಇಳಿದಿದ್ದ. ಬುರುಜಿನ ಮೇಲಿನ ಕಲ್ಲುಸಿಂಹಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರ ಕೊರಳಿಗೇ ಹಗ್ಗ ಕಟ್ಟುವುದು ಅಲ್ಲಿಯ ಪದ್ಧತಿ. ಸಿಂಹದ ಬುಡದ ಗಾರೆ ಉದುರಿದ್ದನ್ನು ಮಾಳ ಕಣ್ಣಾರೆ ಕಂಡಿದ್ದ. ಹೇಳಿದರೆ ಮೇಸ್ತ್ರಿ, "ರಾಜಲಾಂಛನದ ಮೇಲೇ ಅನುಮಾನವೇನೋ? ದೊರೆ ಹೇಳಲಿ, ಬಿಚ್ಚಿಸ್ತೀನಿ," ಎಂದು ಗದರಿದ. ಅಣ್ಣನೂ ನಕ್ಕುಬಿಟ್ಟ. ದೊರೆಯನ್ನು ಕಾಣಲು ಬಡವನಿಗೆ ಬೇರೆ ದಾರಿ ಎಲ್ಲಿತ್ತು?

ಸಭೆಯಲ್ಲಿ ಆಗಲೇ ಇಬ್ಬರು ರಾಜಕುಮಾರರು ನಿಂತಿದ್ದರು. ಉತ್ತರ ಬಿಟ್ಟು ಬೇರೆ ಮಾತೆತ್ತಿದರೂ ತಲೆ ಹೋಗುತ್ತದೆಂದು ಕಾವಲಿನವನು ಹೆದರಿಸಿದ. ಕಿಟಕಿಯಾಚೆ ಅಣ್ಣ ತೂಗಾಡುವುದು ಕಾಣುತ್ತಿತ್ತು. ಅಯ್ಯೋ ಶಿವನೇ, ಕೂಗುವಂತಿಲ್ಲ, ಓಡುವಂತಿಲ್ಲ!

"ನಿಂತವನನ್ನು ಹೊರುವುದಿಲ್ಲ, ಬಿದ್ದವನನ್ನು ಬಿಡುವುದಿಲ್ಲ. ಯಾವುದದು?" ಎಂದಳು ರಾಜಕುಮಾರಿ.

"ಭೂಮಿ," ಎಂದ ಮೊದಲನೆಯವನು ಮೀಸೆ ತಿರುವುತ್ತ.

"ಭೂಮಿ ನಿಂತವನನ್ನೂ ಹೊರುತ್ತದೆ." ಅವನನ್ನು ಎಳೆದೊಯ್ದರು.

"ಸಾವು," ಎಂದ ಎರಡನೆಯವನು.

"ಸಾವು ನಿಂತವನನ್ನೂ ಬಿಡುವುದಿಲ್ಲ." ಅವನೂ ಹೋದ. ಅಷ್ಟರಲ್ಲಿ ಸಿಂಹ ಒಂದು ಗೇಣು ವಾಲಿತ್ತು.

"ಬಂಡೆಯೊಳಕ್ಕೆ ಹೂತ ಕಬ್ಬಿಣದ ಬಳೆ, ಅಮ್ಮಣ್ಣಿ!" ಎಂದ ಮಾಳ ಒಂದೇ ಉಸಿರಿಗೆ. "ಜೇನು ಕೀಳೋರು ಅದಕ್ಕೇ ಹಗ್ಗ ಕಟ್ಟೋದು. ಕಾಲು ಜಾರಿದಾಗಲೇ ಅದರ ಕೆಲಸ."

"ಎರಡನೆಯದು ಕೇಳು: ಮೈಯೆಲ್ಲ ಭಾರ, ಬೇರು ಮಾತ್ರ ಇಲ್ಲ. ನಂಬಿದವರನ್ನು ಜೊತೆಗೇ ಕೆಳಗೊಯ್ಯುತ್ತದೆ."

ಮಾಳ ಕಿಟಕಿಯತ್ತ ನೋಡುತ್ತಲೇ ಹೇಳಿದ, "ಗೋಡೆ ಮೇಲೆ ಸುಮ್ಮನೆ ಕೂರಿಸಿದ ಕಲ್ಲು."

"ಒಮ್ಮೆ ಪ್ರಾಣ ಉಳಿಸಿದರೂ ಮತ್ತೆ ನಂಬಬಾರದ್ದು?"

"ಬಿದ್ದವನನ್ನು ತಡೆದ ಹಗ್ಗ. ಆ ಜಗ್ಗಿಗೆ ಅದರ ಒಳಎಳೆ ಹರಿದಿರುತ್ತೆ. ಕೈಮುಗಿದು ತೆಗೆದಿಡಬೇಕು."

"ಮೂರೂ ಸರಿ! ಜೇನು ಕೀಳುವವರ ಮಗಳು, ನನ್ನ ಸಾಕುತಾಯಿ, ಕಲಿಸಿದ ಒಗಟುಗಳಿವು. ಏನು ಬೇಕೋ ಬೇಡು."

"ನನ್ನಣ್ಣನನ್ನು ಮೇಲಕ್ಕೆ ಎಳೆಸಿ, ಅಮ್ಮಣ್ಣಿ! ಅಗೋ ಅಲ್ಲಿ!"

ದಿನವೂ ಆ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದವಳು ಆಗ ತಿರುಗಿ ನೋಡಿದಳು. ದೊರೆಯೇ ಎದ್ದು ಕೂಗಿದ. ಆಳುಗಳು ಓಡಿಹೋಗಿ ಬೇರೆ ಹಗ್ಗ ಬಿಟ್ಟು, ಸಿಂಹದ ಹಗ್ಗ ಬಿಚ್ಚಿಸಿ ಎಳೆದರು. ಗುರುವನ ಕಾಲು ಬುರುಜಿನ ಮೇಲೆ ಊರಿತೋ ಇಲ್ಲವೋ, ಸಿಂಹ ಉರುಳಿಹೋಯಿತು.

ಪ್ರತಿ ಬುರುಜಿನ ಒಳಬದಿಯ ಬುಡದ ಬಂಡೆಗೂ ಕಬ್ಬಿಣದ ಬಳೆ ಹೂಳಿಸಿ, ಹಗ್ಗ ಅಲ್ಲಿಂದಲೇ ಬುರುಜು ಹತ್ತಿ ಆಚೆ ಇಳಿಯಬೇಕೆಂದು ದೊರೆ ಅಪ್ಪಣೆ ಮಾಡಿದ. ಮಾಳನನ್ನು ಕೋಟೆ ಕೆಲಸಕ್ಕೆಲ್ಲ ಯಜಮಾನನನ್ನಾಗಿ ಮಾಡಿ ಶಾಲು ಹೊದಿಸಿದ.

ನಡೆದದ್ದೆಲ್ಲ ತಿಳಿದ ಗುರುವ, ಶಾಲು ಹೊದ್ದ ತಮ್ಮನ ಕೆನ್ನೆಗೆ ಸಭೆಯಲ್ಲೇ ರಪ್ಪನೆ ಬಾರಿಸಿದ.

"ತಲೆ ಪಣಕ್ಕಿಟ್ಟೆಯೇನೋ, ಹುಚ್ಚುಮುಂಡೇದೇ! ನೀನು ಹೋಗಿದ್ದರೆ ನಾನು ಯಾರ ಮುಖ ನೋಡಿಕೊಂಡು ಬದುಕಲಿ?" ಎಂದವನೇ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.