ಕೂಗವ್ವನ ಗುಡ್ಡ

ಕರೇಕಲ್ಲೂರಿನ ಬಸ್ ನಿಲ್ದಾಣದಲ್ಲಿ ಇಳಿದು ಪಡುವಣಕ್ಕೆ ಮುಖ ಮಾಡಿದರೆ ಎದುರಿಗೇ ಕಾಣುವ ಬೋಳು ಗುಡ್ಡವೇ ಕೂಗವ್ವನ ಗುಡ್ಡ. ಅಲ್ಲಿ ಮರವಿಲ್ಲ, ಗುಡಿಯಿಲ್ಲ. ನೆತ್ತಿಯ ಮೇಲೆ ಒಂದು ಮೊಬೈಲ್ ಟವರು, ಅದರ ಮಗ್ಗುಲಲ್ಲಿ ಕುಂಕುಮ ಬಳಿದ ಒಂದು ಹಾಸುಬಂಡೆ, ಅಷ್ಟೇ. ಗಾಳಿ ಬೀಸಿದಾಗ ಯಾರೋ ಕೂಗಿದಂತೆ ಸದ್ದಾಗುವುದರಿಂದ ಈ ಹೆಸರು ಬಂತೆಂದು ರಸ್ತೆಬದಿಯ ಫಲಕದಲ್ಲಿ ಬರೆಸಿದ್ದಾರೆ. ಬರೆಸಿದವರ ತಲೆ! ಫೌಜಿನಲ್ಲಿ ಕಳೆದ ಇಪ್ಪತ್ತೆರಡು ವರ್ಷ ಬಿಟ್ಟರೆ ಉಳಿದ ಆಯುಷ್ಯವನ್ನೆಲ್ಲ ಈ ಗುಡ್ಡದ ಬುಡದಲ್ಲೇ ಕಳೆದವನು ನಾನು. ಗಾಳಿ ಕೂಗಿದ್ದನ್ನು ಒಂದು ದಿನವೂ ಕೇಳಿಲ್ಲ. ಕೂಗಿದ್ದು ಒಬ್ಬ ಹೆಂಗಸು. ಅವಳು ಯಾಕೆ ಕೂಗಿದಳೆಂಬುದನ್ನು ನಮ್ಮಜ್ಜ ನನಗೆ ಹೇಳಿದಂತೆಯೇ ಇಲ್ಲಿ ಬರೆಯುತ್ತೇನೆ, ಫಲಕದವರು ಬೇಕಾದರೆ ಓದಿಕೊಳ್ಳಲಿ.

ಹಿಂದೆ ಒಮ್ಮೆ ಈ ಸೀಮೆಯ ದೊರೆಗೆ ಮುನ್ನೂರು ಕಾಲಾಳುಗಳ ಒಂದು ಪಟಾಲಂ ಇತ್ತು ಎನ್ನುತ್ತಾರೆ. ಹೊಳೆಯಾಚೆಯ ದೊರೆಯ ನಿಶಾನೆಯಲ್ಲಿ ಹೆಡೆಯೆತ್ತಿದ ನಾಗರವಿತ್ತಂತೆ. ಅವನ ಹೊಟ್ಟೆ ಉರಿಸಲೆಂದೇ ನಮ್ಮ ದೊರೆ ತನ್ನ ಪಟಾಲಮಿಗೆ ಮುಂಗುಸಿಯ ಗುರುತು ಕೊಟ್ಟ. ಪ್ರತಿಯೊಬ್ಬನ ಎದೆಯ ಮೇಲೂ ಅಂಗೈಯಗಲದ ಹಿತ್ತಾಳೆ ಬಿಲ್ಲೆ, ಅದರಲ್ಲಿ ಬಾಲ ನಿಮಿರಿಸಿದ ಮುಂಗುಸಿ. ಒಬ್ಬ ಸತ್ತರೆ ಅಥವಾ ವಯಸ್ಸಾಗಿ ಬಿಟ್ಟರೆ ಅವನ ಬಿಲ್ಲೆ ಹೊಸಬನ ಎದೆಗೆ ಹೋಗುತ್ತಿತ್ತು. ಹಾಗೆ ಕೊಡುವಾಗ ಆ ಬಿಲ್ಲೆ ಧರಿಸಿದ್ದವರ ಹೆಸರನ್ನೆಲ್ಲ ಮೊದಲಿನಿಂದ ಹೇಳಿಕೊಡಬೇಕು. ಕೊಡುವವನು ಹೇಳಿದ್ದೇ ಕೊನೆ. ಆಮೇಲೆ ಅದನ್ನು ದೊರೆ ಕೂಡ ತಿದ್ದುವಂತಿಲ್ಲ. ದಿನಾ ಬೆಳಗಿನ ಹಾಜರಿಯಲ್ಲಿ ಪ್ರತಿಯೊಬ್ಬನೂ ತನ್ನ ಬಿಲ್ಲೆಯ ಹೆಸರುಗಳನ್ನು ಒಪ್ಪಿಸಬೇಕು, ಒಂದೊಂದು ಹೆಸರಿಗೂ ಸಾಲಿನವರೆಲ್ಲ “ಅದಾನ!” ಎಂದು ಕೂಗಬೇಕು. ಸತ್ತು ನೂರು ವರ್ಷವಾದವನೂ ಹಾಜರಿ! ಬಿಸಿಲೇರುವವರೆಗೂ ನಡೆಯುತ್ತಿತ್ತಂತೆ ಈ ಗದ್ದಲ. ಟೋಪಿಯ ಬಿಲ್ಲೆ ಒಂದು ಕೂದಲೆಳೆ ವಾಲಿದರೂ ಸಮಾಧಾನವಿಲ್ಲದ ನಮ್ಮಂಥ ಸಿಪಾಯಿಗಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಈ ಗುಡ್ಡದ ಮೇಲೆ ಆಗ ಒಂದು ಕಾವಲು ಇತ್ತು. ಆಚೆಯ ಕಣಿವೆಯಲ್ಲಿ ಯಾರಾದರೂ ಕಂಡರೆ ಕೊಂಬು ಊದುವುದು ಅಲ್ಲಿದ್ದವನ ಕೆಲಸ. ಒಂದು ದಿನ ದೊರೆಯ ಬೀಗರು ಪಟಾಲಂ ನೋಡಲು ಬಂದರು. ಕೆಳಗಿನ ಬಯಲಿನಲ್ಲಿ ಸಾಲಿಗೆ ಮೂವತ್ತರಂತೆ ಹತ್ತು ಸಾಲು ನಿಲ್ಲಿಸಬೇಕು. ಜ್ವರ ಬಂದು ಮಲಗಿದ್ದವರ ಬದಲಿಗೆ ಕೋಟೆಯ ಕಾವಲಿನವರನ್ನೂ ಅಡುಗೆಯವರನ್ನೂ ಎಳೆದು ತಂದರೂ ಕೊನೆಯ ಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಜಾಗ ಖಾಲಿ ಉಳಿಯಿತು. ಪಟಾಲಮಿನ ಸುಬೇದಾರನಿಗೆ ಅದನ್ನು ನೋಡಿ ಜೀವವೇ ನಿಲ್ಲಲಿಲ್ಲ. ಅತ್ತ ಇತ್ತ ತಿರುಗಾಡಿದ, ಮೀಸೆ ಕಚ್ಚಿದ, ಕೊನೆಗೆ ಗುಡ್ಡದ ಕಡೆ ತಿರುಗಿ ಕೆಂಪು ರುಮಾಲು ಬೀಸಿದ. ಇಳಿದು ಬಾ ಎಂಬುದಕ್ಕೆ ಅದೇ ಸನ್ನೆ. ಮೇಲಿದ್ದ ಕಾವಲಿನ ಗುಡದಪ್ಪ ಓಡೋಡಿ ಇಳಿದು ಬಂದು ಆ ಜಾಗದಲ್ಲಿ ನಿಂತ. ಮುನ್ನೂರು ಬಿಲ್ಲೆ ಒಟ್ಟಿಗೆ ಹೊಳೆದವು, ಬೀಗರು ತಲೆದೂಗಿದರು. ಅದೇ ಹೊತ್ತಿಗೆ ಹೊಳೆಯಾಚೆಯವರು ಕಣಿವೆಯಲ್ಲಿ ನುಗ್ಗಿದರು. ಕೊಂಬು ಊದುವವರಿರಲಿಲ್ಲ. ಅವರನ್ನು ಹಿಮ್ಮೆಟ್ಟಿಸುವಷ್ಟರಲ್ಲಿ ನಮ್ಮವರು ಒಂಬತ್ತು ಮಂದಿ ಹೆಣವಾಗಿ ಬಿದ್ದಿದ್ದರು.

ದೊರೆ ಗುಡದಪ್ಪನನ್ನು ಎದುರಿಗೆ ನಿಲ್ಲಿಸಿ, “ಕಾವಲು ಬಿಟ್ಟು ಇಳಿದು ಬಾ ಅಂತ ಯಾರು ಹೇಳಿದರು ನಿನಗ?” ಎಂದು ಕೇಳಿದ. “ಸುಬೇದಾರರು ರುಮಾಲು ಬೀಸಿದ್ರು, ಧಣಿ” ಎಂದ ಗುಡದಪ್ಪ. ಎಲ್ಲರೂ ಸುಬೇದಾರನ ಮುಖ ನೋಡಿದರು. ಅವನು ನೆಲ ನೋಡುತ್ತ, “ನಾನು ಬೆವರು ಒರೆಸಿಕೊಂಡೆ” ಎಂದ. ಒಂದೇ ಮಾತು! ಬೀಗರು ಆಗಿನ್ನೂ ಬಯಲಿಗೆ ಬಂದಿರಲಿಲ್ಲ, ಸಾಲಿನವರೆಲ್ಲ ಅವರು ಬರುವ ದಾರಿಯ ಕಡೆ ಮುಖ ಮಾಡಿ ನಿಂತಿದ್ದರಿಂದ ರುಮಾಲು ಕಂಡವರು ಇನ್ನೊಬ್ಬರಿರಲಿಲ್ಲ. ಮೆರೆಯುವ ಆಸೆಗೆ ಕಾವಲು ಬಿಟ್ಟವನೆಂದು ಗುಡದಪ್ಪನ ಬಿಲ್ಲೆ ಕಿತ್ತು, ಗಡಿಯಾಚೆಗೆ ಅಟ್ಟಿದರು. ಅವನು ಮತ್ತೆ ಬರಲಿಲ್ಲ. ಎಲ್ಲಿ ಹೋದ, ಬದುಕಿದನೋ ಇಲ್ಲವೋ, ಯಾರಿಗೂ ತಿಳಿಯಲಿಲ್ಲ. ಅವನ ಬಿಲ್ಲೆಯನ್ನು ಸುಬೇದಾರನೇ ಹೊಸಬನೊಬ್ಬನಿಗೆ ತೊಡಿಸಿದ. ಹೆಸರು ಹೇಳಿಕೊಡುವಾಗ ಗುಡದಪ್ಪನದನ್ನು ಹಾರಿಸಿಬಿಟ್ಟ.

ಗುಡದಪ್ಪನ ಹೆಂಡತಿ ಹುಲಿಗೆವ್ವ. ಗಂಡ ಹೋದದ್ದಕ್ಕಿಂತ ಅವನ ಹೆಸರು ಹೋದದ್ದು ಅವಳ ಕರುಳು ಕಿತ್ತಿತು. ಸತ್ತವರನ್ನೆಲ್ಲ ಇದ್ದಾರೆ ಎನ್ನುವ ಜನ, ಬದುಕಿರಬಹುದಾದವನನ್ನು ಇಲ್ಲ ಎನಿಸಿಬಿಟ್ಟರಲ್ಲ! ಒಂದು ತಿಂಗಳು ಹಾಜರಿಯ ಬಯಲಿನ ಅಂಚಿನಲ್ಲಿ ನಿಂತು ಕಾದಳು. ಒಬ್ಬನಾದರೂ ಆ ಹೆಸರು ಅನ್ನಲಿಲ್ಲ. ಹೆಂಗಸರು ಗಂಡನ ಹೆಸರು ಬಾಯಲ್ಲಿ ತರದ ಕಾಲವದು. ಅಂಥದ್ದರಲ್ಲಿ ಒಂದು ಬೆಳಿಗ್ಗೆ ಅವಳು ಗುಡ್ಡ ಹತ್ತಿ, ಕಾವಲಿನ ಬಂಡೆಯ ಮೇಲೆ ನಿಂತು, ಹಾಜರಿ ನಡೆಯುವಾಗಲೇ “ಗುಡದಪ್ಪಾ!” ಎಂದು ಕೂಗಿದಳು. ಕೆಳಗಿನ ಸಾಲುಗಳು ತುಟಿಪಿಟಕ್ಕೆನ್ನಲಿಲ್ಲ. ಮರುದಿನವೂ ಕೂಗಿದಳು, ಅದರ ಮರುದಿನವೂ. ಓಗೊಡುವವರಿಲ್ಲದೆ ಹಾಗೇ ಹನ್ನೊಂದು ವರ್ಷ ಕೂಗಿದಳು ಎನ್ನುತ್ತಾರೆ.

ಸುಬೇದಾರನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಹಾಜರಿಯನ್ನು ಒಂದು ಗಳಿಗೆ ಮೊದಲು ಮಾಡಿಸಿದ. ಅವಳು ಅಷ್ಟರಲ್ಲೇ ಮೇಲಿದ್ದಳು. ತಡ ಮಾಡಿಸಿದ, ಅವಳು ಕಾದಿದ್ದಳು. ಬಯಲು ಬಿಟ್ಟು ಕೋಟೆಯ ಹಿಂದಕ್ಕೆ ಪಟಾಲಂ ಸಾಗಿಸಿದ. ಕೂಗು ಅಲ್ಲಿಗೂ ಬಂತು. ಅವಳನ್ನು ಓಡಿಸಲು ಆಳು ಕಳಿಸಿದರೆ ಹೋದವರು ತಲೆ ತಗ್ಗಿಸಿಕೊಂಡು ವಾಪಸು ಬಂದರು. ಉಂಡ ಅನ್ನ ಮೈಗೆ ಹತ್ತದೆ ಅವನು ಒಣಗಿ ಕಡ್ಡಿಯಾದ. ಪಾಪ ಅನ್ನಬೇಕೋ, ತಕ್ಕ ಶಾಸ್ತಿ ಅನ್ನಬೇಕೋ, ನನಗಂತೂ ಇವತ್ತಿಗೂ ತಿಳಿಯದು.

ಕೊನೆಗೆ ಅವನು ಪಟಾಲಂ ಬಿಡುವ ದಿನ ಬಂತು. ಬೆಳಗಿನ ಹಾಜರಿಯಲ್ಲಿ ದೊರೆಯ ಎದುರಿಗೆ ತನ್ನ ಬಿಲ್ಲೆ ಬಿಚ್ಚಿ ತಿಪ್ಪಣ್ಣನೆಂಬ ಹೊಸಬನ ಎದೆಗಿಟ್ಟ. ಆ ಬಿಲ್ಲೆ ಅವನಿಗಿಂತ ಮೊದಲು ಆರು ಜನ ಧರಿಸಿದ್ದು. ಆರು ಹೆಸರನ್ನೂ ಹೇಳಿದ, ತಿಪ್ಪಣ್ಣ ಒಪ್ಪಿಸಿದ. ಏಳನೆಯದಾಗಿ ತನ್ನ ಹೆಸರು ಹೇಳಬೇಕಾದವನು “ಗುಡದಪ್ಪ” ಎಂದ. ತಿಪ್ಪಣ್ಣ ಬೆಪ್ಪಾಗಿ ನಿಂತ. “ಅನ್ನಪ್ಪಾ” ಎಂದು ಸುಬೇದಾರ ಗದರಿದ ಮೇಲೆ ಅವನೂ ಅಂದ. “ಇದೇನು?” ಎಂದು ದೊರೆ ಎದ್ದು ನಿಂತ. “ಬೆವರು ಒರೆಸಿಕೊಳ್ಳಲಿಲ್ಲ, ಧಣಿ. ನಾನೇ ಕರೆದೆ. ಅವನ ಬಿಲ್ಲೆಯ ಸಾಲು ತಿದ್ದಾಕ ಬರಂಗಿಲ್ಲ, ನನ್ನದರಾಗ ಹಾಕೇನಿ.” “ಹಂಗಾದರ ನಿನ್ನ ಹೆಸರು?” ಎಂದು ದೊರೆ ಕೇಳಿದ. “ಏಳನೇ ಜಾಗ ಒಂದೇ ಐತ್ರಿ” ಎಂದ ಸುಬೇದಾರ.

ಅಷ್ಟರಲ್ಲಿ ಮೇಲಿನಿಂದ ಎಂದಿನ ಕೂಗು ಬಂತು. ಈ ಸಲ ಮುನ್ನೂರು ಗಂಟಲು ಒಟ್ಟಿಗೆ “ಅದಾನ!” ಎಂದವು. ಹುಲಿಗೆವ್ವ ಕೈಮುಗಿದಳೆಂದೋ ಅತ್ತಳೆಂದೋ ನೀವು ಅಂದುಕೊಂಡಿದ್ದರೆ ತಪ್ಪು. “ಈಗ ಬಾಯಿ ಬಂತೇನ್ರೋ? ಹನ್ನೊಂದು ವರ್ಷ ಎಲ್ಲಿ ಸತ್ತಿದ್ರಿ?” ಎಂದು ಅಲ್ಲಿಂದಲೇ ಬೈದಳಂತೆ. ಹೆಸರು ಬಂತು, ಮನುಷ್ಯ ಬರಲಿಲ್ಲವಲ್ಲ. ಮರುದಿನವೂ ಗುಡ್ಡ ಹತ್ತಿದಳು, ಸಾಯುವವರೆಗೂ ಹತ್ತಿದಳು. ಸುಬೇದಾರ ಅದೇ ದಿನ ಊರು ಬಿಟ್ಟ.

ದೊರೆತನ ಹೋಗಿ, ಪಟಾಲಂ ಕರಗಿ ಎಷ್ಟೋ ತಲೆಮಾರು ಕಳೆದಿವೆ. ಈಗಲೂ ನಮ್ಮ ಸುತ್ತಿನ ಹಳ್ಳಿಗಳಿಂದ ಫೌಜಿಗೆ ಸೇರಿದವರು ರಜೆಯಲ್ಲಿ ಬಂದಾಗ ಬಂಡೆಯ ಮೇಲೆ ನಿಂತು ಆ ಏಳು ಹೆಸರು ಕೂಗುವುದನ್ನು ನೋಡಬಹುದು. ಕೆಳಗೆ ಹತ್ತಿ ಬಿಡಿಸುತ್ತಿರುವ ಹೆಂಗಸರು ತಲೆ ಎತ್ತದೆಯೇ “ಅದಾನ” ಎನ್ನುತ್ತಾರೆ. ನೋಡಲು ಬಂದವರು ಕೆಲವರು ಆ ಸುಬೇದಾರನ ಹೆಸರೇನೆಂದು ನನ್ನನ್ನು ಕೇಳುತ್ತಾರೆ. ನಮ್ಮಜ್ಜನಿಗೆ ಗೊತ್ತಿರಲಿಲ್ಲ, ಅವನಜ್ಜನಿಗೂ ಗೊತ್ತಿರಲಿಲ್ಲ. ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.